ಮಲಗಿದವನ ಬೆನ್ನು

ಮುದುಕ ಚಿತ್ರಕಾರನ ಹೆಸರು ನಿಂತದ್ದೇ ಹರೆಯದಲ್ಲಿ ಬರೆದ ಇದ್ದಿಲಿನ ಹನ್ನೊಂದು ನವ್ಯ ಚಿತ್ರಗಳ ಮೇಲೆ. ಅಂಥದ್ದೇ ಇನ್ನೊಂದನ್ನು ಹುಡುಕಿ ತಂದ ಮ್ಯೂಸಿಯಮ್ಮಿನ ಅಧಿಕಾರಿ ಅದನ್ನು ಮೇಜಿನ ಮೇಲೆ ಹರಡಿದ. ನಾಲ್ಕೇ ಗೆರೆ, ಬೋರಲು ಮಲಗಿದ ಗಂಡಸಿನ ಬೆನ್ನು.

"ಸಹಿಯೊಂದು ಇಲ್ಲ ನೋಡ್ರಿ, ಹಾಕಿಬಿಡ್ರಿ ಸರ. ಅಂದಂಗ, ಮಲಗಿದಾಂವ ಯಾರು?"

ಮುದುಕ ಪೆನ್ಸಿಲ್ ಹಿಡಿದ, ಇಟ್ಟ, ಮತ್ತೆ ಹಿಡಿದ. ಎಡಭುಜದ ಮೇಲಿನ ಆ ಗಂಟು ತನ್ನದೇ. ತನ್ನ ಬೆನ್ನನ್ನು ತಾನೇ ನೋಡಿ ಬರೆದೆನೆಂದರೆ ಯಾರು ನಂಬುತ್ತಾರೆ?

"ಖರೇ ಹೇಳ್ತೀನಿ," ಎಂದ ಬೆವರೊರೆಸಿಕೊಳ್ಳುತ್ತ. "ಮಲಗಿದಾಂವ ನಾನು. ಇದನ್ನ ಬರದಾಕಿ ನನ್ನ ಹೆಂಡತಿ."

ಅಧಿಕಾರಿ ಬೆರಗಾಗಿ, ಚಹಾ ತಂದ ಮುದುಕಿಯತ್ತ ತಿರುಗಿದ.

"ಸಹಿ ಹಾಕ್ರಿ, ಹಾಕ್ರಿ," ಎಂದಳು ಆಕೆ ಗಂಡನ ಮುಂದೆ ಕಪ್ಪು ಇಡುತ್ತ. "ನಾ ಬರದ ಉಳಿದ ಹನ್ನೊಂದಕ್ಕೂ ಹಾಕೀರಿ, ಇದೊಂದಕ್ಕ ಯಾಕ ನಾಚತೀರಿ?"