ದರ್ಜಿಯ ಕ್ಯಾಲೆಂಡರ್

ಪೇಟೆಯ ನಡುವಿನ ನೂರು ವರ್ಷದ ಕಟ್ಟಡವನ್ನು ಅವನು ಕೊಂಡ. ಕೆಳಗೆ ಅಂಗಡಿಗಳು, ಮೇಲೆ ಮನೆಗಳು. ಖಾಲಿ ಮಾಡಿ ಎಂದದ್ದೇ ತಡ, ಬಾಡಿಗೆದಾರರು ಒಂದು ಮಾತೂ ಆಡದೆ ಹೊರಟರು. ಕೆಳಗಿನ ಅಂಗಡಿಯ ದರ್ಜಿ ಮಾತ್ರ ಉಳಿದಿದ್ದ.

ಇವತ್ತು ಮಹಡಿಯಲ್ಲಿ ಗೃಹಪ್ರವೇಶದ ಹೋಮ ಮುಗಿದು, ಐವತ್ತು ನೆಂಟರು ಊಟಕ್ಕೆ ಕೂತಿದ್ದರು. ಅವನು ಕೆಳಗಿಳಿದು ಬಂದಾಗ ದರ್ಜಿ ಹೊಲಿಗೆ ಯಂತ್ರವನ್ನು ಆಟೋಗೆ ಹಾಕಿಸಿ, ಗೋಡೆಯ ಕ್ಯಾಲೆಂಡರ್ ತೆಗೆಯುತ್ತಿದ್ದ. ಅದರ ಹಿಂದೆ ಗೋಡೆ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಬಿರುಕಿಗೆ ಅಡ್ಡಲಾಗಿ ಅಂಟಿಸಿದ್ದ ಕಾಗದದ ಪಟ್ಟಿಗಳೆಲ್ಲ ನಡುವೆ ಹರಿದಿದ್ದವು.

"ಏನಯ್ಯಾ ಇದು?"

"ಗೋಡೆ ಸರೀತಾ ಇದ್ಯಾ ಅಂತ ನೋಡೋಕೆ ಸಾರ್. ಮೊದಲು ವರ್ಷಕ್ಕೊಂದು ಹರೀತಿತ್ತು."

"ಮುಂಚೆನೇ ಹೇಳೋದಲ್ವಾ?"

"ನೀವು ಬಾಡಿಗೆ ಎಷ್ಟು ಅಂತ ಮಾತ್ರ ಕೇಳಿದ್ರಿ."

"ಈ ಕೊನೇದು ಯಾವಾಗಿನದು?"

"ಇವತ್ತು ಬೆಳಿಗ್ಗೆ ಅಂಟಿಸಿದ್ದು ಸಾರ್."