ಹಾಪನ್‌ಗಿಂತ ಮೊದಲು

ಡೆಲ್ಫೀನ್ ಗೋರಿಕಲ್ಲಿನ ಮೇಲೆ ಕಾಗದ ಹಿಡಿದು ಇದ್ದಿಲು ಉಜ್ಜಿದಂತೆ ಅಕ್ಷರ ಮೂಡಿತು: ಲಿಡಿಯಾ ಹಾಪನ್.

"ಇವಳು ನಮ್ಮವಳಲ್ಲ ಬಿಡಜ್ಜಿ," ಎಂದಳು ಮೊಮ್ಮಗಳು ರೋಶೆಲ್. "ನಮ್ಮ ದಕೋಟಾ ಜನರಲ್ಲಿ ಎರಡನೇ ಮಗು ಹೆಣ್ಣಾದ್ರೆ ತಾನೆ ಹಾಪನ್ ಅನ್ನೋದು? ಇಲ್ಲಿ ಆ ಹೆಸರು ಕೂಗಿದ್ರೆ ಅರ್ಧ ಸ್ಮಶಾನ ಎದ್ದು ಕೂರುತ್ತೆ. ನಿನ್ನಜ್ಜಿ ಚೊಚ್ಚಲ ಮಗಳು ಅಂತ ನೀನೇ ಹೇಳಿದ್ದೆ."

"ಹಾಗಂತಲೇ ತಿಳಿದಿದ್ದೆ ಕಣೇ. ನನಗವಳು ಬರೀ ಅಜ್ಜಿ, ಹಾಪನ್ ಅಂತ ಯಾರೂ ಕರೆದದ್ದು ಕೇಳಿಲ್ಲ." ಡೆಲ್ಫೀನ್ ಬಗ್ಗಿ ಕೆಳಸಾಲು ಓದಿದಳು. ಗಂಡನ ಹೆಸರು ತನ್ನ ತಾತನದೇ. ಹುಟ್ಟಿದ್ದು, ಸೈನಿಕರು ದಕೋಟಾ ಹೆಂಗಸರನ್ನೂ ಮಕ್ಕಳನ್ನೂ ಸೆರೆಬಿಡಾರಕ್ಕೆ ನಡೆಸಿಕೊಂಡು ಹೋದ ಚಳಿಗಾಲ ಕಳೆದ ಮರುವರ್ಷ.

"ನಮ್ಮವಳೇ," ಎಂದಳು.

"ಹಾಗಾದ್ರೆ ಮೊದಲನೇ ಮಗು?"

ಡೆಲ್ಫೀನ್ ಕಲ್ಲಿನ ಮೇಲಿದ್ದ ಹುಟ್ಟಿದ ವರ್ಷವನ್ನು ಬೆರಳಿನಿಂದ ಸವರಿದಳು. ಆ ನಡಿಗೆಯ ಮಾತೆತ್ತಿದರೆ ಸಾಕು, ಲಿಡಿಯಾಳ ತಾಯಿ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು ಎಂದು ಮನೆಯಲ್ಲಿ ಹೇಳುತ್ತಿದ್ದರು.

ಅಜ್ಜಿಯ ಪಾಲಿಗೆಂದು ತಂದಿದ್ದ ಒಣಮಾಂಸ, ಹಣ್ಣು ಕುಟ್ಟಿ ಕಟ್ಟಿದ ಉಂಡೆಯನ್ನು ಡೆಲ್ಫೀನ್ ಬುತ್ತಿಯಿಂದ ತೆಗೆದು ಎರಡು ಮಾಡಿದಳು. ಒಂದನ್ನು ಕಲ್ಲಿನ ಬುಡದಲ್ಲಿಟ್ಟಳು. ಇನ್ನೊಂದನ್ನು ಅಂಗೈಯಲ್ಲಿ ಹಿಡಿದು, ಎಲ್ಲಿಡಬೇಕೆಂದು ತಿಳಿಯದೆ ನಿಂತಳು.