ಹೋಗಿ ಬರ್ಲೇನು?

"ಆ ಪ್ರಶ್ನಿ ತೆಗೀಲೇ ವಸೀಮ," ಎಂದ ಎರ್ರಿಸ್ವಾಮಿ. ಅವನ ಕಾಟಾದಲ್ಲಿ ತೂಗಿಸಲು ಬಂದ ಅದಿರಿನ ಲಾರಿಗಳು ಕೊಳಗಲ್ಲಿನ ತಿರುವಿನವರೆಗೆ ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದವು. "ಬಂದರದಾಗ ಚೀನಾದ ಹಡಗು ಕಾಯಾಕತ್ತಾವ. ಇಲ್ಲಿ ನಿನ್ನ ಕಂಪ್ಯೂಟರ್ ಹೋಗಿ ಬರ್ಲೇನು ಅನ್ನಾಕತ್ತೈತಿ."

ಕಾಟಾದ ಪ್ರೋಗ್ರಾಂ ಬರೆದವನು ಪಾರ್ವತಿನಗರದ ವಸೀಮ್. ಲಾರಿ ಬಂದು ನಿಂತರೆ ಪರದೆಯ ಮೇಲೆ ಒಂದು ವಿಂಡೋ ತೆರೆಯುತ್ತಿತ್ತು. ತೂಕ ಮುಗಿದು ಆ ವಿಂಡೋ ಮುಚ್ಚಿದರೆ ಹೊರಗಿನ ಕೆಂಪು ದೀಪ ಆರಿ ಹಸಿರು ದೀಪ ಹತ್ತುತ್ತಿತ್ತು; ಲಾರಿ ಹೊರಡುತ್ತಿತ್ತು. ಮುಚ್ಚುವ ಮುಂಚೆ 'ನಿರ್ಗಮಿಸುವುದು ಖಚಿತವೇ?' ಎಂದು ಕೇಳುವಂತೆ ವಸೀಮ್ ಮಾಡಿದ್ದ. ಕಾಟಾ ನೋಡಿಕೊಳ್ಳುವ ಗಾದೆಮ್ಮ ಅದನ್ನು ಕೂಡಿಸಿ ಕೂಡಿಸಿ ಓದಿ, "ಮನಿಗೆ ಬಂದೋರು ಎದ್ದು ಹೊಂಡುವಾಗ ಹಿಂಗ ಕೇಳ್ತಾರೇನಪಾ?" ಎಂದಿದ್ದಳು. ಅವನು ತಿದ್ದಿಕೊಟ್ಟ. ಈಗ ಪರದೆಯಲ್ಲಿ 'ಹೋಗಿ ಬರ್ಲೇನು?' ಎಂದು ಬರುತ್ತಿತ್ತು. ಅದರ ಕೆಳಗೆ ಎರಡು ಗುಂಡಿ: 'ಹೂಂ, ಹೋಗಿ ಬಾ' ಮತ್ತು 'ಕೂಡು'.

"ಬರೇ ಕೇಳಿದ್ರ ಪರವಾಗಿಲ್ಲ. ಈಕಿ ಪ್ರತಿ ಲಾರಿಗೂ ಮೊದ್ಲು ಕೂಡು ಅಂತ ಒತ್ತತಾಳ. ಆಮ್ಯಾಲ ಇನ್ನೊಮ್ಮಿ ಕೇಳಿಸ್ಕೆಂಡು ಹೋಗಿ ಬಾ ಅಂತಾಳ. ಕಂಪ್ಯೂಟರಿಗೆ ಒಂದು ಚಾ ಕುಡಸೋದು ಬಾಕಿ ಐತಿ ನೋಡು."

"ಕುಡಿಯಂಗಿದ್ರ ಕುಡಸ್ತಿದ್ದೆ," ಎಂದಳು ಗಾದೆಮ್ಮ.

ವಸೀಮನಿಗೆ ಕುತೂಹಲವಾಯಿತು. ಅವನ ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರ್ ಏನೇ ಕೇಳಲಿ, ಎಲ್ಲರೂ ಓದದೆ 'ಹೌದು' ಒತ್ತುತ್ತಿದ್ದರು. ಪ್ರಶ್ನೆಗೆ ಉತ್ತರ ಯೋಚಿಸುವವರನ್ನು ಅವನು ನೋಡುತ್ತಿದ್ದದ್ದು ಇದೇ ಮೊದಲು. "ಕೂಡು ಅನ್ನೋದು ಮರ್ಯಾದಿಗೇನಕ್ಕ?" ಎಂದು ಕೇಳಿದ.

"ಮರ್ಯಾದಿ ಒಂದು. ಮತ್ತ, ಅದು ಕೂತ್ರ ದೀಪ ಕೆಂಪಗ ಇರ್ತೈತಿ. ಅಷ್ಟರಾಗ ಬಾಗಲಿಗೆ ಹೋಗಿ, ಬಗ್ಗಿ ಲಾರಿ ಕೆಳಗ ನೋಡಿ ಬರ್ತೀನಿ. ನಮ್ಮನಿಯೋರು ಇಂಥದ್ದ ಒಂದು ಕಾಟಾದಾಗ, ಜೋಡಿ ಟೈರಿನ ನಡುವ ಸಿಕ್ಕಿದ್ದ ಕಲ್ಲು ತೆಗ್ಯಾಕ ಕೆಳಗ ಹೋಗಿದ್ರು. ಹಸರು ಬಿತ್ತು. ಡ್ರೈವರ್ ಏನ್ ಮಾಡ್ತಾನ ಪಾಪ, ಹಸರು ಬಿದ್ರ ಹೋಗೋದ."

ಎರ್ರಿಸ್ವಾಮಿ ಕಿಟಕಿಯ ಕಡೆ ತಿರುಗಿದ. ಅವಳ ಗಂಡ ಜಡೆಪ್ಪ ಅವನ ಲಾರಿಯಲ್ಲೇ ಕ್ಲೀನರ್ ಆಗಿದ್ದ. ಈ ಕೆಲಸ ಅವಳಿಗೆ ಸಿಕ್ಕದ್ದು ಅದಾದ ಮೇಲೆ.

"ಹಂಗಾದ್ರ ಉತ್ತರ ಕೊಡದ ಎದ್ದು ಹೋಗಿ ನೋಡಬೌದಲ್ಲಕ್ಕ," ಎಂದ ವಸೀಮ್. "ಒತ್ತೋತನಕ ದೀಪ ಕೆಂಪಗ ಇರ್ತೈತಿ."

"ಕೇಳಿದೋರ್ನ ಸುಮ್ನ ನಿಂದರಿಸಿ ಎದ್ದು ಹೋಗಾಕ ಬರ್ತೈತೇನು?"

"ಅದು ಬ್ಯಾರೆ ಕಾಟಾ, ಗಾದೆಮ್ಮ," ಎಂದ ಎರ್ರಿಸ್ವಾಮಿ. "ಇಲ್ಲಿ ಒಂದ್ ದಿನಾನೂ ಹಂಗ ಆಗಿಲ್ಲ."

"ನೋಡಾಕತ್ತೀನಲ್ರಿ ಸಾವ್ಕಾರ್ರೆ, ಅದಕ್ಕ ಆಗಿಲ್ಲ."

ಹಾರ್ನುಗಳ ಸದ್ದು ಇನ್ನೂ ಹೆಚ್ಚಿತು. ಸಾಲಿನ ಕೊನೆಯಲ್ಲಿದ್ದ ಲಾರಿಯೊಂದು ತಿರುಗಿಸಿಕೊಂಡು ರಸ್ತೆಯಾಚೆಯ ಹೊಸ ಕಾಟಾದ ಕಡೆ ಹೋಯಿತು. ಎರ್ರಿಸ್ವಾಮಿ ಅದನ್ನು ನೋಡಿದ. "ತೆಗಿ ವಸೀಮ. ತೂಕ ನಿಂತ ಕೂಡ್ಲೆ ಅದು ತಾನ ಮುಚ್ಕೊಳ್ಳಿ, ತಾನ ಹಸರು ಬೀಳ್ಲಿ."

"ನಾ ಏನ್ ಮಾಡ್ಲಿ ಮತ್ತ?" ಎಂದಳು ಗಾದೆಮ್ಮ.

"ಚೀಟಿ ಹರದು ಕೊಡು."

ವಸೀಮ್ ಆ ಕೆಲವು ಸಾಲುಗಳನ್ನು ಅಳಿಸಿದ. ಅಳಿಸುವಾಗ 'ಖಚಿತವೇ?' ಎಂದು ಕಂಪ್ಯೂಟರ್ ಅವನನ್ನು ಕೇಳಿತು. ಅವನು ಓದದೆ 'ಹೌದು' ಒತ್ತಿದ.

ಮುಂದಿನ ಲಾರಿ ಡ್ರೈವರ್ ನಯಾಜನದು. ತೂಕ ನಿಂತಿತು, ವಿಂಡೋ ತಾನೇ ಮುಚ್ಚಿಕೊಂಡಿತು, ಹೊರಗೆ ಹಸಿರು ದೀಪ ಹತ್ತಿತು. ಗಾದೆಮ್ಮ ಕುರ್ಚಿಯಲ್ಲಿರಲಿಲ್ಲ. ಚೀಟಿ ಹಿಡಿದುಕೊಂಡು ಲಾರಿಯ ಮುಂದೆ ನಿಂತಿದ್ದಳು.

"ಅಕ್ಕಾ, ಹಸರು ಬಿದ್ದೈತಿ," ಎಂದ ನಯಾಜ್.

"ಕಾಣ್ತೈತಿ, ತಡಿ." ಅವಳು ಮೊಣಕಾಲಿಗೆ ಕೈಕೊಟ್ಟು ಬಗ್ಗಿ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ನೋಡಿದಳು. ಎದ್ದು ಚೀಟಿ ಕೊಟ್ಟಳು. "ಹೂಂ, ಹೋಗಿ ಬಾ."

ಎರ್ರಿಸ್ವಾಮಿ ಬಾಗಿಲಿಗೆ ಬಂದ. "ಏನವಾ ಇದು? ಪ್ರಶ್ನಿ ತೆಗಿಸೀನಲ್ಲ?"

"ನಾ ಏನರ ಕೇಳೀನೇನ್ರಿ?"

ಹಿಂದಿನ ಲಾರಿಯ ಡ್ರೈವರ್ ಇದನ್ನೆಲ್ಲ ನೋಡುತ್ತಿದ್ದ. ತನ್ನ ಸರದಿ ಬಂದು ಹಸಿರು ಬಿದ್ದಾಗ ಅವನು ಗೇರಿಗೆ ಕೈ ಹಾಕಲಿಲ್ಲ. ತಲೆ ಹೊರಗೆ ಹಾಕಿ, "ಹೋಗಿ ಬರ್ಲೇನಕ್ಕಾ?" ಎಂದ.

ಎರ್ರಿಸ್ವಾಮಿ ಬೇವಿನ ನೆರಳಲ್ಲಿದ್ದ ತನ್ನ ಜೀಪಿನ ಕಡೆ ನಡೆದ. ಹತ್ತಿ ಕುಳಿತ. ಕೀಲಿ ತಿರುವಲು ಹೋದವನು ಕೈ ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿಳಿದು, ಬಿಳಿ ಪ್ಯಾಂಟಿನ ಮೊಣಕಾಲುಗಳನ್ನು ಕೆಂಪು ಧೂಳಿನಲ್ಲಿ ಊರಿ, ಜೀಪಿನ ಕೆಳಗೆ ತಲೆ ಬಗ್ಗಿಸಿದ.

"ಯಾರೂ ಇಲ್ರಿ ಸಾವ್ಕಾರ್ರೆ," ಎಂದಿತು ಹಿಂದಿನಿಂದ ಗಾದೆಮ್ಮನ ದನಿ. "ನಾ ಆಗ್ಲೇ ನೋಡೀನಿ. ಹೋಗಿ ಬರ್ರಿ."